ಬಾಂಬಿನ ಕಾರಿನಿಂದ ಸಂಧಾನದ ಮೇಜಿಗೆ

1974ರ ನವೆಂಬರ್. ಉತ್ತರ ಐರ್ಲೆಂಡ್‌ನ ಬೆಲ್ಫಾಸ್ಟ್ ನಗರದಲ್ಲಿ ಭದ್ರತಾ ಪಡೆಯವರು ತಡೆದ ಕಳವಿನ ಕಾರೊಂದರಲ್ಲಿ ಬಾಂಬ್ ಸಿಕ್ಕಿತು. ಕಾರು ಓಡಿಸುತ್ತಿದ್ದ 21 ವರ್ಷದ ಯುವಕನ ಮೈಗೆ ಸೈನಿಕರು ಹಗ್ಗ ಬಿಗಿದರು. ಹಗ್ಗದ ಇನ್ನೊಂದು ತುದಿಯನ್ನು ದೂರದಲ್ಲಿ ಹಿಡಿದು, ನೀನು ತಂದ ಬಾಂಬನ್ನು ನೀನೇ ನಿಷ್ಕ್ರಿಯಗೊಳಿಸು ಎಂದು ಕಾರಿನತ್ತ ಕಳುಹಿಸಿದರು. ಆ ಕೆಲಸ ಅವಘಡವಿಲ್ಲದೆ ಮುಗಿದಿದ್ದರಿಂದ ಅಂದು ಯಾರೂ ಸಾಯಲಿಲ್ಲ. ಯುವಕನಿಗೆ 11 ವರ್ಷ ಜೈಲು ಶಿಕ್ಷೆಯಾಯಿತು. ಆತನ ಹೆಸರು ಡೇವಿಡ್ ಎರ್ವಿನ್. ಅಲ್ಸ್ಟರ್ ವಾಲಂಟಿಯರ್ ಫೋರ್ಸ್, ಅಂದರೆ ಯುವಿಎಫ್ ಎಂಬ ಪ್ರೊಟೆಸ್ಟೆಂಟ್ ಸಶಸ್ತ್ರ ಗುಂಪಿನ ಸದಸ್ಯ.

ಇಪ್ಪತ್ತಮೂರಕ್ಕೂ ಹೆಚ್ಚು ವರ್ಷಗಳ ನಂತರ, 1998ರ ಏಪ್ರಿಲ್ 10ರಂದು, ಬೆಲ್ಫಾಸ್ಟ್‌ನ ಸರ್ಕಾರಿ ಆವರಣವಾದ ಸ್ಟಾರ್ಮಂಟ್‌ನಲ್ಲಿ ಮತೀಯ ಸಂಘರ್ಷಕ್ಕೆ ತೆರೆ ಎಳೆಯುವ ಗುಡ್ ಫ್ರೈಡೇ ಒಪ್ಪಂದ ಕುದುರಿದಾಗ ಅದೇ ಎರ್ವಿನ್ ಸಂಧಾನಕಾರರಲ್ಲಿ ಒಬ್ಬರಾಗಿದ್ದರು. ಅವರ ಪುಟ್ಟ ಪಕ್ಷವೂ ಅಂಥದೇ ಇನ್ನೊಂದು ಪಕ್ಷವೂ ಎದ್ದು ಹೋಗಿದ್ದರೆ ಮಾತುಕತೆಯೇ ಮುರಿದುಬೀಳುವ ಸ್ಥಿತಿ ಇತ್ತು. ಬಂದೂಕು ಹಿಡಿದವರನ್ನು ರಾಜಕೀಯಕ್ಕೆ ಬಿಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಮತೀಯ ಸಂಘರ್ಷ ಕಂಡ ಪ್ರತಿ ಸಮಾಜವನ್ನೂ ಕಾಡುತ್ತದೆ. ಈ ಒಬ್ಬ ಮನುಷ್ಯನ ಬದುಕು ಆ ಪ್ರಶ್ನೆಗೆ ಸಿಕ್ಕಿರುವ ಅತ್ಯಂತ ಪ್ರಾಮಾಣಿಕ ಉತ್ತರಗಳಲ್ಲಿ ಒಂದು. ಬಿಟ್ಟುಕೊಂಡಿದ್ದು ಸರಿ. ಆದರೆ ಅವರ ಬೆನ್ನ ಹಿಂದಿದ್ದ ಬಂದೂಕಿನ ಲೆಕ್ಕ ಅದೇ ಹೊತ್ತಿಗೆ ಚುಕ್ತಾ ಆಗಲಿಲ್ಲ. ಅದರ ಬೆಲೆಯನ್ನು ಬಡವರ ಬೀದಿಗಳು ಇವತ್ತಿಗೂ ತೆರುತ್ತಿವೆ.

ಎರಡು ಸಮುದಾಯ, ಒಂದು ನೆಲ

1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಈಶಾನ್ಯದ ಆರು ಕೌಂಟಿಗಳು ಬ್ರಿಟನ್‌ನಲ್ಲೇ ಉಳಿದವು. ಅಲ್ಲಿ ಆಗ ಬಹುಸಂಖ್ಯಾತರು ಪ್ರೊಟೆಸ್ಟೆಂಟರು. ಬ್ರಿಟನ್ ಜೊತೆಗಿರಬೇಕೆನ್ನುವ ಯೂನಿಯನಿಸ್ಟರು ಹೆಚ್ಚುಕಡಿಮೆ ಇವರೇ. ಐರ್ಲೆಂಡ್ ಒಂದಾಗಬೇಕೆನ್ನುವ ಕ್ಯಾಥೊಲಿಕರು ಅಲ್ಪಸಂಖ್ಯಾತರಾಗಿದ್ದರು. ಸರ್ಕಾರಿ ಮನೆ ಹಂಚಿಕೆ, ನೌಕರಿ, ಸ್ಥಳೀಯ ಮತದಾನದ ಹಕ್ಕು, ಎಲ್ಲದರಲ್ಲೂ ಕ್ಯಾಥೊಲಿಕರಿಗೆ ತಾರತಮ್ಯವಾಗುತ್ತಿತ್ತು. 1968ರ ಹೊತ್ತಿಗೆ ಅವರು ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದರು. 1969ರಲ್ಲಿ ಬ್ರಿಟಿಷ್ ಸೇನೆ ಬಂತು. ಮುಂದಿನ ಮೂರು ದಶಕಗಳಲ್ಲಿ ಸುಮಾರು 3,500 ಜನ ಸತ್ತರು.

ಕ್ಯಾಥೊಲಿಕ್ ಕಡೆಯ ಸಶಸ್ತ್ರ ಗುಂಪಾದ ಐಆರ್‌ಎ ಹೆಸರು ಜಗತ್ತಿಗೆ ಗೊತ್ತು. ಪ್ರೊಟೆಸ್ಟೆಂಟ್ ಕಡೆಯಲ್ಲಿ ‘ಲಾಯಲಿಸ್ಟ್’ ಎನಿಸಿಕೊಂಡ ಗುಂಪುಗಳ ಕತೆ ಅಷ್ಟಾಗಿ ಹೊರಗೆ ಬಂದಿಲ್ಲ. ಅವುಗಳಲ್ಲಿ ಯುವಿಎಫ್ ಮುಖ್ಯವಾದುದು. ಸಂಘರ್ಷ ಹೊತ್ತಿಕೊಳ್ಳುವ ಮೊದಲೇ, 1966ರಲ್ಲಿ, ಅದು ಐಆರ್‌ಎ ವಿರುದ್ಧ ಯುದ್ಧ ಸಾರಿತ್ತು. ಅದೇ ಜೂನ್‌ನಲ್ಲಿ ಬೆಲ್ಫಾಸ್ಟ್‌ನ ಶ್ಯಾಂಕಿಲ್ ಪ್ರದೇಶದ ಪಬ್ ಒಂದರಿಂದ ಹೊರಬರುತ್ತಿದ್ದ 18 ವರ್ಷದ ಕ್ಯಾಥೊಲಿಕ್ ಹುಡುಗನನ್ನು ಅದರ ಬಂದೂಕುಧಾರಿಗಳು ಕೊಂದರು. ಇನ್ನೊಂದು ಪಬ್‌ನಲ್ಲಿ ಕೆಲಸಕ್ಕಿದ್ದ ಆತನಿಗೂ ಐಆರ್‌ಎಗೂ ಸಂಬಂಧವಿರಲಿಲ್ಲ. ಮುಂದೆಯೂ ನಡೆದದ್ದು ಇದೇ. ಐಆರ್‌ಎ ಮೇಲೆ ಯುದ್ಧ ಎಂದು ಹೇಳಿಕೊಳ್ಳುತ್ತಾ ಯುವಿಎಫ್ ಕೊಂದಿದ್ದು ಬಹುಪಾಲು ಸಾಮಾನ್ಯ ಕ್ಯಾಥೊಲಿಕರನ್ನು. 1971ರ ಡಿಸೆಂಬರ್‌ನಲ್ಲಿ ಬೆಲ್ಫಾಸ್ಟ್‌ನ ಮೆಗರ್ಕ್ಸ್ ಬಾರ್‌ನಲ್ಲಿ ಅದು ಇಟ್ಟ ಬಾಂಬಿಗೆ 15 ಜನ ಬಲಿಯಾದರು. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಹನ್ ಪಟ್ಟಣಗಳಲ್ಲಿ ಸಿಡಿದ ಬಾಂಬುಗಳು 33 ಜನರನ್ನು ಕೊಂದವು.

ಎರ್ವಿನ್ ಹುಟ್ಟಿದ್ದು 1953ರ ಜುಲೈ 21ರಂದು, ಪೂರ್ವ ಬೆಲ್ಫಾಸ್ಟ್‌ನ ಕಾರ್ಮಿಕ ಕುಟುಂಬದಲ್ಲಿ. ಹತ್ತೊಂಬತ್ತು ತುಂಬಿದ ದಿನವೇ, 1972ರ ಜುಲೈ 21ರಂದು, ಐಆರ್‌ಎ ಬೆಲ್ಫಾಸ್ಟ್‌ನಲ್ಲಿ ಒಂದೂ ಕಾಲು ಗಂಟೆಯೊಳಗೆ ಸುಮಾರು 20 ಬಾಂಬ್ ಸಿಡಿಸಿತು. ಒಂಬತ್ತು ಜನ ಸತ್ತರು. ‘ಬ್ಲಡಿ ಫ್ರೈಡೇ’ ಎಂದೇ ಇತಿಹಾಸಕ್ಕೆ ಸೇರಿದ ಆ ದಿನದ ನಂತರ ಅವರು ಯುವಿಎಫ್ ಸೇರಿದರು. ಒಂದು ಸಮುದಾಯದ ಹೆಣಗಳು ಇನ್ನೊಂದು ಸಮುದಾಯದ ಹೆಣಗಳಿಗೆ ಕಾರಣ ಒದಗಿಸುತ್ತಿದ್ದ ಕಾಲ ಅದು. ಈ ವಿವರದಿಂದ ಅವರ ಬಾಂಬು ಹಗುರಾಗುವುದಿಲ್ಲ. ಹತ್ತೊಂಬತ್ತರ ಹುಡುಗರನ್ನು ಇಂಥ ಗುಂಪುಗಳು ಹೇಗೆ ಸೆಳೆದುಕೊಳ್ಳುತ್ತವೆ ಎಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ.

ಜೈಲಿನ ಪಾಠಶಾಲೆ

ಲಾಂಗ್ ಕೆಶ್ ಜೈಲಿನಲ್ಲಿ ಯುವಿಎಫ್ ಕೈದಿಗಳ ನಾಯಕ ಗಸ್ಟಿ ಸ್ಪೆನ್ಸ್. ಬ್ರಿಟಿಷ್ ಸೇನೆಯ ಮಾಜಿ ಸೈನಿಕ. 1966ರ ಆ ಹುಡುಗನ ಕೊಲೆಗಾಗಿ ಜೀವಾವಧಿ ಶಿಕ್ಷೆಗೆ ಒಳಗಾದವರು. ಆ ಕೊಲೆ ತಾನು ಮಾಡಿದ್ದಲ್ಲವೆಂದು ಅವರು ಕೊನೆವರೆಗೂ ಹೇಳುತ್ತಿದ್ದರು. ಕೈದಿಗಳನ್ನು ಅವರು ಸೇನಾ ತುಕಡಿಯಂತೆ ಶಿಸ್ತಿನಲ್ಲಿ ಇಟ್ಟಿದ್ದರು. ಬೂಟು ಮಿಂಚಬೇಕು, ಕವಾಯತು ತಪ್ಪಬಾರದು. ಅದರ ಜೊತೆಗೆ ಓದೂ ಕಡ್ಡಾಯ ಎನ್ನುವಂಥ ವಾತಾವರಣ. ಹೊಸದಾಗಿ ಬಂದವರಿಗೆ ಸ್ಪೆನ್ಸ್ ಕೇಳುತ್ತಿದ್ದ ಪ್ರಶ್ನೆ, ನೀನು ಇಲ್ಲಿಗೆ ಯಾಕೆ ಬಂದೆ ಎಂಬುದು. ಸ್ಫೋಟಕ ಇಟ್ಟುಕೊಂಡಿದ್ದಕ್ಕೆ ಎಂದು ಎರ್ವಿನ್ ಉತ್ತರಿಸಿದರು. ಅದು ನ್ಯಾಯಾಲಯಕ್ಕೆ ಬೇಕಾದ ಉತ್ತರ, ನಿಜವಾಗಿ ಇಲ್ಲಿಗೆ ಯಾಕೆ ಬಂದೆ ಎಂದು ಸ್ಪೆನ್ಸ್ ಮತ್ತೆ ಕೆದಕಿದರು. ಆ ಪ್ರಶ್ನೆಯೇ ತಮ್ಮನ್ನು ರಾಜಕೀಯಕ್ಕೆ ತಂದಿತೆಂದು ಎರ್ವಿನ್ ಮುಂದೆ ಹಲವು ಬಾರಿ ನೆನೆದರು.

ಅಲ್ಲಿ ಮೂಡಿದ ಅರಿವು ವರ್ಗಕ್ಕೆ ಸಂಬಂಧಿಸಿದ್ದು. ಸೂಟು ತೊಟ್ಟ ನಾಯಕರು ವೇದಿಕೆಯ ಮೇಲೆ ಬೆಂಕಿಯುಗುಳುವ ಭಾಷಣ ಮಾಡುತ್ತಾರೆ, ಅದನ್ನು ನಂಬಿ ಬಂದೂಕು ಹಿಡಿದವರು ಜೈಲು ಸೇರುತ್ತಾರೆ ಅಥವಾ ಸಾಯುತ್ತಾರೆ, ನಾಯಕರು ಮಾತ್ರ ಕೈತೊಳೆದುಕೊಳ್ಳುತ್ತಾರೆ. ಇದು ಶ್ಯಾಂಕಿಲ್‌ನ ಬಡ ಪ್ರೊಟೆಸ್ಟೆಂಟರ ಒಡಲುರಿ. 1980ರಲ್ಲಿ ಬಿಡುಗಡೆಯಾದ ಎರ್ವಿನ್ ಈ ಮಾತನ್ನು ಹೊರಗೆ ತಂದು, ಯುವಿಎಫ್ ಜೊತೆ ನಂಟಿದ್ದ ಪ್ರೊಗ್ರೆಸಿವ್ ಯೂನಿಯನಿಸ್ಟ್ ಪಕ್ಷ (ಪಿಯುಪಿ) ಸೇರಿದರು. ಆರಂಭ ಉತ್ಸಾಹ ತರುವಂಥದ್ದೇನೂ ಆಗಿರಲಿಲ್ಲ. 1985ರಲ್ಲಿ ಬೆಲ್ಫಾಸ್ಟ್ ನಗರಪಾಲಿಕೆ ಚುನಾವಣೆಗೆ ನಿಂತು ಸೋತರು. ಯುವಿಎಫ್ ಪರವಾಗಿ ಹಿಂದೊಮ್ಮೆ ನಡೆದ ಪ್ರಯತ್ನಕ್ಕೂ ಇದೇ ಗತಿಯಾಗಿತ್ತು. 1974ರಲ್ಲಿ ಬ್ರಿಟಿಷ್ ಸರ್ಕಾರ ಯುವಿಎಫ್ ಮೇಲಿನ ನಿಷೇಧ ತೆಗೆದಾಗ ಆ ಗುಂಪು ಪಕ್ಷವೊಂದನ್ನು ಹುಟ್ಟುಹಾಕಿ ಚುನಾವಣೆಗೆ ಹೋಗಿತ್ತು. ಜನ ಕೈಹಿಡಿಯಲಿಲ್ಲ, ಕೊಲೆಗಳೂ ನಿಲ್ಲಲಿಲ್ಲ. ಮರುವರ್ಷ ನಿಷೇಧ ಮತ್ತೆ ಜಾರಿಗೆ ಬಂತು.

ಕದನವಿರಾಮದ ತೆರೆಮರೆ

1990ರ ದಶಕದ ಆರಂಭದಲ್ಲಿ ಐಆರ್‌ಎ ಜೊತೆ ಲಂಡನ್ ಗುಟ್ಟಾಗಿ ವ್ಯವಹಾರ ಕುದುರಿಸಿದೆ, ನಮ್ಮನ್ನು ಮಾರಿಬಿಟ್ಟಿದೆ ಎಂಬ ಗುಮಾನಿ ಲಾಯಲಿಸ್ಟರಲ್ಲಿ ದಟ್ಟವಾಗಿತ್ತು. ಅದನ್ನು ಕರಗಿಸಲು ಕೆಲವರು ತೆರೆಮರೆಯಲ್ಲಿ ಓಡಾಡಿದರು. ಪ್ರೆಸ್ಬಿಟೇರಿಯನ್ ಪಾದ್ರಿ ರಾಯ್ ಮಗೀ, ಆರ್ಚ್‌ಬಿಷಪ್ ರಾಬಿನ್ ಈಮ್ಸ್, ಡಬ್ಲಿನ್‌ನ ಕಾರ್ಮಿಕ ಸಂಘದ ಕ್ರಿಸ್ ಹಡ್ಸನ್ ಅವರಲ್ಲಿ ಮುಖ್ಯರು. ಯುವಿಎಫ್‌ಗೂ ಐರಿಷ್ ಸರ್ಕಾರಕ್ಕೂ ನಡುವೆ ಮಾತು ದಾಟಿಸುತ್ತಿದ್ದ ಹಡ್ಸನ್‌ಗೆ ಎರ್ವಿನ್ ಸಂಪರ್ಕದ ಕೊಂಡಿ. ಲಾಯಲಿಸ್ಟರು ಮಗೀ ಮೂಲಕ ಕಳುಹಿಸಿದ ಹಕ್ಕುಗಳ ಪಟ್ಟಿಯನ್ನು ಡಬ್ಲಿನ್ ಒಪ್ಪಿಕೊಂಡಿತು. 1993ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಹೊರಡಿಸಿದ ಡೌನಿಂಗ್ ಸ್ಟ್ರೀಟ್ ಘೋಷಣೆಯಲ್ಲಿ ಆ ಅಂಶಗಳಿಗೆ ಜಾಗ ಸಿಕ್ಕಿತು.

ಆದರೂ ಹತ್ಯೆ ನಿಂತಿರಲಿಲ್ಲ ಎಂಬುದನ್ನು ಮರೆಯಬಾರದು. 1994ರ ಜೂನ್ 18ರ ಸಂಜೆ ಲಾಕಿನಿಲಂಡ್ ಎಂಬ ಹಳ್ಳಿಯ ಪಬ್‌ನಲ್ಲಿ ಜನ ವಿಶ್ವಕಪ್ ಫುಟ್‌ಬಾಲ್‌ನ ಐರ್ಲೆಂಡ್–ಇಟಲಿ ಪಂದ್ಯ ನೋಡುತ್ತಾ ಕುಳಿತಿದ್ದರು. ಯುವಿಎಫ್‌ನ ಬಂದೂಕುಧಾರಿಗಳು ಒಳನುಗ್ಗಿ ಆರು ಜನರನ್ನು ಕೊಂದರು. ಇತ್ತ ಶಾಂತಿಯ ಮಾತು, ಅತ್ತ ಸಾಲು ಹೆಣ. ಎರ್ವಿನ್‌ರಂಥವರ ರಾಜಕೀಯವನ್ನು ಮೆಚ್ಚುವ ಯಾರೂ ಆ ಪಬ್‌ನ ನೆಲವನ್ನು ದಾಟದೆ ಮುಂದೆ ಹೋಗುವಂತಿಲ್ಲ.

ಐಆರ್‌ಎ ಆಗಸ್ಟ್ 31ರಂದು ಕದನವಿರಾಮ ಘೋಷಿಸಿತು. ಅಕ್ಟೋಬರ್ 13ರಂದು ಪಶ್ಚಿಮ ಬೆಲ್ಫಾಸ್ಟ್‌ನ ಫರ್ನ್‌ಹಿಲ್ ಹೌಸ್‌ನಲ್ಲಿ ಲಾಯಲಿಸ್ಟ್ ಗುಂಪುಗಳ ಪರವಾಗಿ ಘೋಷಣೆ ಓದಿದವರು ಗಸ್ಟಿ ಸ್ಪೆನ್ಸ್. ಪಕ್ಕದಲ್ಲಿ ಎರ್ವಿನ್ ಇದ್ದರು. ಮಡಿದ ಅಮಾಯಕರ ಬಂಧುಗಳಿಗೆ ಮನಸಾರೆ ಪಶ್ಚಾತ್ತಾಪ ವ್ಯಕ್ತಪಡಿಸುವ ಮಾತು ಆ ಪತ್ರದಲ್ಲಿತ್ತು. ಐಆರ್‌ಎ ಘೋಷಣೆಯಲ್ಲಿ ಅಂಥ ಮಾತು ಇರಲಿಲ್ಲ.

ಶೇ 3.5ರ ತೂಕ

ಪ್ರಾಮಾಣಿಕತೆ ಇದ್ದರೆ ಸಾಲದು, ಸಂಧಾನದ ಮೇಜಿಗೆ ಬರಲು ಜನಾದೇಶ ಬೇಕು. 1996ರ ಮೇ 30ರಂದು ಮಾತುಕತೆಗೆ ಪ್ರತಿನಿಧಿಗಳನ್ನು ಆರಿಸಲು ನಡೆದ ಚುನಾವಣೆಯ ನಿಯಮಗಳನ್ನು ಬಹಳ ಯೋಚಿಸಿ ಹೆಣೆಯಲಾಗಿತ್ತು. ಒಟ್ಟು 110 ಸ್ಥಾನ. 18 ಕ್ಷೇತ್ರಗಳಿಗೆ ಐದೈದರಂತೆ 90. ಉಳಿದ 20 ಸ್ಥಾನಗಳನ್ನು ಅತಿ ಹೆಚ್ಚು ಮತ ಪಡೆದ ಹತ್ತು ಪಕ್ಷಗಳಿಗೆ ತಲಾ ಎರಡರಂತೆ ಹಂಚಿದರು. ಪಿಯುಪಿ ಯಾವ ಕ್ಷೇತ್ರದಲ್ಲೂ ಗೆಲ್ಲಲಿಲ್ಲ. ಆದರೆ ಒಟ್ಟಾರೆ ಶೇ 3.5ರಷ್ಟು ಮತ ಪಡೆದು ಎರಡು ಸ್ಥಾನ ಗಳಿಸಿತು. ಇನ್ನೊಂದು ಸಶಸ್ತ್ರ ಗುಂಪಾದ ಯುಡಿಎ ಜೊತೆ ನಂಟಿದ್ದ ಯುಡಿಪಿಯೂ ಶೇ 2.2 ಮತದಿಂದ ಹೀಗೆಯೇ ಒಳಬಂತು. ಇಂಥ ಗುಂಪುಗಳಿಗೂ ಮಾತಿಗೂ ನಡುವೆ ಬಾಗಿಲು ಇರಲೇಬೇಕೆಂದು ಆ ನಿಯಮ ಮಾಡಿದವರಿಗೆ ಗೊತ್ತಿತ್ತು.

ಅದಕ್ಕಿಂತ ಮುಖ್ಯವಾದುದು ಇನ್ನೊಂದು ನಿಯಮ. ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅಧ್ಯಕ್ಷತೆಯ ಮಾತುಕತೆಯಲ್ಲಿ ಯಾವುದೇ ತೀರ್ಮಾನಕ್ಕೆ ಎರಡೂ ಸಮುದಾಯಗಳ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪ್ರತಿನಿಧಿಸುವ ಪಕ್ಷಗಳು ಒಪ್ಪಬೇಕಿತ್ತು. 1997ರಲ್ಲಿ ಐಆರ್‌ಎಯ ರಾಜಕೀಯ ಅಂಗವಾದ ಶಿನ್ ಫೇನ್ ಒಳಬರುವುದು ಖಚಿತವಾದಾಗ ಕಟ್ಟಾ ಯೂನಿಯನಿಸ್ಟ್ ನಾಯಕ ಇಯಾನ್ ಪೈಸ್ಲಿ ನೇತೃತ್ವದ ಡಿಯುಪಿ ಹೊರನಡೆಯಿತು, ಚಿಕ್ಕ ಪಕ್ಷ ಯುಕೆಯುಪಿಯೂ ಎದ್ದುಹೋಯಿತು. ಲೆಕ್ಕ ಹಾಕಿ ನೋಡಿ. ಯೂನಿಯನಿಸ್ಟ್ ಪಕ್ಷಗಳಿಗೆ ಬಿದ್ದಿದ್ದ ಮತ ಒಟ್ಟು ಶೇ 52ರ ಆಸುಪಾಸು. ಒಳಗೆ ಉಳಿದ ದೊಡ್ಡ ಪಕ್ಷ, ಡೇವಿಡ್ ಟ್ರಿಂಬಲ್ ಅವರ ಅಲ್ಸ್ಟರ್ ಯೂನಿಯನಿಸ್ಟ್ ಪಕ್ಷಕ್ಕೆ ಸಿಕ್ಕಿದ್ದು ಶೇ 24. ಅರ್ಧಕ್ಕೆ ಇನ್ನೂ ಎರಡು ಕಡಿಮೆ. ಪಿಯುಪಿ ಮತ್ತು ಯುಡಿಪಿ ಕುರ್ಚಿ ಬಿಡದೆ ಕೂತಿದ್ದರಿಂದ ಮಾತ್ರ ಆ ಕೊರತೆ ತುಂಬಿತು. ಜೈಲಿಗೆ ಹೋಗಿ ಬಂದವರು ಎದ್ದಿದ್ದರೆ, ಸಭ್ಯರೆನಿಸಿಕೊಂಡವರು ಎಷ್ಟೇ ಬಯಸಿದರೂ ಒಪ್ಪಂದ ಆಗುತ್ತಿರಲಿಲ್ಲ.

ಒಪ್ಪಂದದ ಹಿಂದಿನ ರಾತ್ರಿ ಪೈಸ್ಲಿ ಬೆಂಬಲಿಗರೊಡನೆ ಪ್ರತಿಭಟಿಸಲು ಸ್ಟಾರ್ಮಂಟ್‌ಗೆ ಬಂದರು. ಅವರು ಪತ್ರಕರ್ತರ ಮುಂದೆ ಮಾತನಾಡುವಾಗ, ಹೊರಟುಹೋಗಿ ಎಂದು ಕೂಗಿ ಅಡ್ಡಿಪಡಿಸಿದವರು ಪಿಯುಪಿ ಬೆಂಬಲಿಗರು. ಒಂದು ಕಾಲದಲ್ಲಿ ಪೈಸ್ಲಿಯ ಬೆಂಕಿಯುಗುಳುವ ಭಾಷಣಗಳಿಗೆ ಕಿವಿಗೊಟ್ಟಿದ್ದ ಬೀದಿಗಳ ಜನ. ಮೇ 22ರ ಜನಮತಗಣನೆಯಲ್ಲಿ ಉತ್ತರ ಐರ್ಲೆಂಡ್‌ನ ಶೇ 71ರಷ್ಟು ಮತದಾರರು ಒಪ್ಪಂದವನ್ನು ಬೆಂಬಲಿಸಿದರು. ಜೂನ್‌ನಲ್ಲಿ ಎರ್ವಿನ್ ಪೂರ್ವ ಬೆಲ್ಫಾಸ್ಟ್‌ನಿಂದ ಶಾಸನಸಭೆಗೆ ಆಯ್ಕೆಯಾದರು. ಉತ್ತರ ಬೆಲ್ಫಾಸ್ಟ್‌ನಿಂದ ಗೆದ್ದ ಬಿಲ್ಲಿ ಹಚಿನ್ಸನ್, ಇಬ್ಬರು ಕ್ಯಾಥೊಲಿಕರ ಕೊಲೆಗಾಗಿ ಶಿಕ್ಷೆ ಅನುಭವಿಸಿದ್ದವರು. ಕೊಲೆಯಾದವರ ಮನೆಯವರಿಗೆ ಆ ಫಲಿತಾಂಶ ಹೇಗೆ ಕಂಡಿರಬಹುದು? ಒಪ್ಪಂದದಂತೆ ಎರಡೂ ಕಡೆಯ ಸಶಸ್ತ್ರ ಗುಂಪುಗಳ ಕೈದಿಗಳು ಎರಡು ವರ್ಷದೊಳಗೆ ಹೊರಬಂದರು. ಶಾಂತಿಯ ಬಿಲ್ಲಿನ ದೊಡ್ಡ ಪಾಲನ್ನು ಕೊಟ್ಟವರು ಆ ಕುಟುಂಬಗಳು. ಅವರ ಅನುಮತಿಯನ್ನು ಯಾರೂ ಒಬ್ಬೊಬ್ಬರಾಗಿ ಕೇಳಿರಲಿಲ್ಲ.

ಕಳಚದ ನಂಟು

2002ರಲ್ಲಿ ಎರ್ವಿನ್ ಪಕ್ಷದ ನಾಯಕರಾದರು. ಟಿವಿ ಚರ್ಚೆಗಳಲ್ಲಿ ಬೇರೆ ಯಾವ ಯೂನಿಯನಿಸ್ಟನಿಗಿಂತಲೂ ಚೆನ್ನಾಗಿ ವಾದಿಸುತ್ತಿದ್ದರು. ಎದುರಾಳಿಗಳೂ ಕಿವಿಗೊಡುತ್ತಿದ್ದರು. ಆದರೆ ಯುವಿಎಫ್ ತನ್ನ ಶಸ್ತ್ರಗಳನ್ನು ಬಿಡಲಿಲ್ಲ. ಪ್ರತಿಸ್ಪರ್ಧಿ ಲಾಯಲಿಸ್ಟ್ ಗುಂಪುಗಳೊಡನೆ ಅದರ ಬೀದಿ ಕಾಳಗಗಳು 2000ದಲ್ಲೂ 2005ರಲ್ಲೂ ಹೆಣ ಬೀಳಿಸಿದವು. ಪ್ರತಿ ಹತ್ಯೆಯ ಮರುದಿನ ಎರ್ವಿನ್ ಪತ್ರಕರ್ತರೆದುರು ನಿಂತು ಉತ್ತರ ಹೇಳಬೇಕಾಗುತ್ತಿತ್ತು. ಗುಂಪನ್ನು ಬಿಟ್ಟರೆ ಅದರ ಮೇಲಿನ ಪ್ರಭಾವ ಹೋಗುತ್ತದೆ, ಬಿಡದಿದ್ದರೆ ಮತದಾರರ ನಂಬಿಕೆ ಹೋಗುತ್ತದೆ. ಅವರು ಒಳಗಿದ್ದು ತಿದ್ದುವ ದಾರಿ ಹಿಡಿದರು.

2007ರ ಜನವರಿ 8ರಂದು, 53ನೇ ವಯಸ್ಸಿನಲ್ಲಿ ಎರ್ವಿನ್ ತೀರಿಕೊಂಡರು. ಅಂತ್ಯಕ್ರಿಯೆಗೆ ಶಿನ್ ಫೇನ್ ನಾಯಕ ಜೆರಿ ಆಡಮ್ಸ್ ಪೂರ್ವ ಬೆಲ್ಫಾಸ್ಟ್‌ನ ಪ್ರೊಟೆಸ್ಟೆಂಟ್ ಬೀದಿಗೆ ಬಂದು, ಎರ್ವಿನ್‌ರ ಪತ್ನಿಯನ್ನು ಅಪ್ಪಿ ಸಂತೈಸಿದರು. ಹತ್ತು ವರ್ಷ ಹಿಂದೆ ಯಾರೂ ಊಹಿಸಲಾರದ ದೃಶ್ಯ. ಎರಡು ವಾರ ಕಳೆಯುವಷ್ಟರಲ್ಲಿ, ಪೊಲೀಸ್ ಓಂಬುಡ್ಸ್‌ಮನ್ ನುವಾಲಾ ಓ’ಲೋನ್ ಅವರ ವರದಿ ಹೊರಬಂತು. ಉತ್ತರ ಬೆಲ್ಫಾಸ್ಟ್‌ನ ಯುವಿಎಫ್ ತಂಡದೊಳಗೆ ಪೊಲೀಸರ ಮಾಹಿತಿದಾರರಿದ್ದರು, ಕನಿಷ್ಠ ಹತ್ತು ಕೊಲೆಗಳಿಗೆ ಅವರ ನಂಟಿತ್ತು, ವಿಶೇಷ ವಿಭಾಗದ ಅಧಿಕಾರಿಗಳು ಅವರನ್ನು ರಕ್ಷಿಸಿದ್ದರು ಎಂದು ಅದು ಹೇಳಿತು. ಬಂದೂಕನ್ನು ಬದುಕಿಸಿಟ್ಟಿದ್ದು ಗುಂಪಿನ ಹಟವೊಂದೇ ಆಗಿರಲಿಲ್ಲ. ಪ್ರಭುತ್ವದ ಒಂದು ಭಾಗಕ್ಕೂ ಅದು ಬೇಕಾಗಿತ್ತು.

ಆ ಮೇ ತಿಂಗಳಲ್ಲಿ ಯುವಿಎಫ್ ತನ್ನ ಸಶಸ್ತ್ರ ಚಟುವಟಿಕೆ ಮುಗಿಯಿತೆಂದು ಸಾರಿತು. ಐದೇ ದಿನಕ್ಕೆ ಪೈಸ್ಲಿ ಮತ್ತು ಐಆರ್‌ಎಯ ಮಾಜಿ ಕಮಾಂಡರ್ ಮಾರ್ಟಿನ್ ಮೆಗಿನಿಸ್ ಒಟ್ಟಿಗೆ ಸರ್ಕಾರ ರಚಿಸಿದರು. 2009ರಲ್ಲಿ ಯುವಿಎಫ್ ಶಸ್ತ್ರತ್ಯಾಗವೂ ಆಯಿತು. ಆದರೆ 2010ರ ಮೇ ತಿಂಗಳಲ್ಲಿ ಶ್ಯಾಂಕಿಲ್ ರಸ್ತೆಯಲ್ಲಿ ಹಾಡಹಗಲೇ ಒಬ್ಬನನ್ನು ಗುಂಡಿಟ್ಟು ಕೊಂದದ್ದು ಅದೇ ಗುಂಪಿನವರು. ಎರ್ವಿನ್ ನಂತರ ನಾಯಕಿಯಾಗಿದ್ದ ಡಾನ್ ಪರ್ವಿಸ್ ಇನ್ನು ಸಮರ್ಥಿಸಿಕೊಳ್ಳಲಾರೆ ಎಂದು ಪಕ್ಷವನ್ನೇ ಬಿಟ್ಟರು. ಮರುವರ್ಷದ ಚುನಾವಣೆಯಲ್ಲಿ ಪಿಯುಪಿಗೆ ಶಾಸನಸಭೆಯಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. 2023ರಲ್ಲಿ ಹಚಿನ್ಸನ್ ಬೆಲ್ಫಾಸ್ಟ್ ನಗರಪಾಲಿಕೆಯ ಸ್ಥಾನವನ್ನೂ ಕಳೆದುಕೊಂಡರು. ಪಕ್ಷ ಸೊರಗಿತು, ಗುಂಪು ಬದುಕುಳಿಯಿತು.

ಈ ಕತೆಯನ್ನು ಪಶ್ಚಾತ್ತಾಪದ ಪವಾಡವೆಂದು ಓದುವವರಿದ್ದಾರೆ, ಕೊಲೆಗಡುಕರಿಗೆ ಸಂದ ಬಹುಮಾನವೆಂದು ಓದುವವರೂ ಇದ್ದಾರೆ. ನನಗೆ ಎರಡೂ ಅರ್ಧ ಓದಾಗಿ ಕಾಣುತ್ತವೆ. ಎರ್ವಿನ್ ಮತ್ತು ಅವರ ಜೊತೆಗಾರರು ಮೇಜಿನಲ್ಲಿ ಉಳಿದದ್ದರಿಂದ ಎಷ್ಟೋ ಜೀವಗಳು ಉಳಿದವು. ಅದನ್ನು ನಿರಾಕರಿಸಿದರೆ ಸತ್ಯಕ್ಕೆ ಅಪಚಾರ. ಆದರೆ ಒಬ್ಬ ವ್ಯಕ್ತಿ ಬದಲಾದರೆ ಅವನ ಸಂಘಟನೆಯೂ ತಾನಾಗಿ ಬದಲಾಗುತ್ತದೆಂದು ಎರಡು ಸರ್ಕಾರಗಳು ನಂಬಿದವು. ಮತಪೆಟ್ಟಿಗೆಗೆ ದಾರಿ ತೋರಿದಷ್ಟೇ ಗಟ್ಟಿಯಾಗಿ, ಗುಂಪನ್ನು ವಿಸರ್ಜಿಸಲು ಗಡುವು ಹಾಕಬೇಕಿತ್ತು. ಕೊಲೆಗಳ ತನಿಖೆ ನಿಲ್ಲಬಾರದಿತ್ತು. ಆ ಬೀದಿಗಳಿಗೆ ಶಾಲೆ, ಕೆಲಸ ಬರಬೇಕಿತ್ತು. ಮತೀಯ ಹಗೆಯಿಂದ ಹೊರಬರಲು ಹೆಣಗುವ ಯಾವ ನಾಡಾದರೂ ಬಂದೂಕು ಹಿಡಿದವನ ಜೊತೆ ಮಾತಿಗೆ ಕೂರಲು ಅಂಜಬೇಕಿಲ್ಲ. ಮಾತು ಮುಗಿದ ಮೇಲೆ ಮುಂದಿನ ಹತ್ತೊಂಬತ್ತರ ಹುಡುಗನನ್ನು ಸೇರಿಸಿಕೊಳ್ಳಲು ಆ ಗುಂಪು ಇನ್ನೂ ಕಾದಿದೆಯೇ ಎಂದು ಅದು ವರ್ಷ ವರ್ಷವೂ ಕೇಳುತ್ತಿರಬೇಕು, ಕಾದಿದ್ದರೆ ಶಾಂತಿಯ ಕೆಲಸ ಮುಗಿದಿಲ್ಲವೆಂದು ಒಪ್ಪಿಕೊಳ್ಳಬೇಕು.