ಮಳೆ ಓರೆ, ಹನಿ ಓರೆಯಲ್ಲ

ಸಿಯಾಟಲ್‌ನಿಂದ ಒಲಿಂಪಿಕ್ ಪರ್ವತಗಳನ್ನು ಬಳಸಿಕೊಂಡು ಪಶ್ಚಿಮಕ್ಕೆ ಹೋದರೆ ಪೆಸಿಫಿಕ್ ಕಡಲು. ಅಲ್ಲಿ ಕೊಪಾಲಿಸ್ ಬೀಚಿನ ಹತ್ತಿರ ಲ್ಯಾಂಗ್ಲಿ ಹಿಲ್ ಎಂಬ ಗುಡ್ಡ, ಗುಡ್ಡದ ಮೇಲೊಂದು ದೊಡ್ಡ ಬಿಳಿ ಗೋಳ. ಅದರೊಳಗೆ ಸುತ್ತುವ ಹವಾಮಾನ ರಾಡಾರ್‌ ಬಗ್ಗೆ ತಿಳಿಯಲು ಹೊರಟ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಳೆಹನಿ.

ನಾವು ಹನಿಯನ್ನು ಬರೆಯುವುದು ಮೇಲೆ ಚೂಪು, ಕೆಳಗೆ ದುಂಡಾಗಿ. ಬೀಳುವ ಹನಿ ಹಾಗಿರುವುದೇ ಇಲ್ಲ. ಒಂದು ಮಿಲಿಮೀಟರಿಗಿಂತ ಚಿಕ್ಕದು ಸಾಸಿವೆಕಾಳಿನಂತೆ ಗುಂಡಗಿರುತ್ತದೆ. ದಪ್ಪವಾದಂತೆ ಕೆಳಗಿನಿಂದ ಗಾಳಿ ಒತ್ತಿ, ತಳ ಚಪ್ಪಟೆಯಾಗಿ, ಬೇಕರಿಯ ಬನ್ನಿನ ಆಕಾರ ಬರುತ್ತದೆ. ಈ ರಾಡಾರ್ ಎರಡು ಬಗೆಯ ಅಲೆ ಕಳಿಸುತ್ತದೆ. ಒಂದು ಅಡ್ಡಲಾಗಿ ಕಂಪಿಸುವುದು, ಇನ್ನೊಂದು ಲಂಬವಾಗಿ. ಬನ್ನಿನಂಥ ಹನಿಯಿಂದ ಅಡ್ಡ ಅಲೆಯೇ ಹೆಚ್ಚು ಮರಳುತ್ತದೆ. ಆ ವ್ಯತ್ಯಾಸದಿಂದ ಹನಿಯ ಗಾತ್ರ ಅಳೆಯಬಹುದೆಂದು 1976ರಲ್ಲಿ ವಿಜ್ಞಾನಿಗಳಾದ ಸೆಲಿಗಾ ಮತ್ತು ಬ್ರಿಂಗಿ ತೋರಿಸಿದರು. ಕೆಲವೇ ದಪ್ಪ ಹನಿಗಳೂ ಅಸಂಖ್ಯ ಸಣ್ಣ ಹನಿಗಳೂ ಒಂದೇ ಬಲದ ಪ್ರತಿಧ್ವನಿ ಕೊಡಬಲ್ಲವು. ನೆಲಕ್ಕೆ ಬೀಳುವ ನೀರು ಮಾತ್ರ ಬೇರೆ ಬೇರೆ. ಗಾತ್ರ ಗೊತ್ತಾಗಬೇಕಾದದ್ದು ಅದಕ್ಕೇ.

ಬನ್ನು ವಾಲಿದರೆ? ರಾಡಾರಿನ ಎದುರು ಹನಿ ಎಡಕ್ಕೋ ಬಲಕ್ಕೋ 10 ಡಿಗ್ರಿ ವಾಲಿದರೆ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು ಆರು ಪಾಲು ಕಾಣೆ. 45 ಡಿಗ್ರಿ ವಾಲಿದರೆ ಎರಡೂ ಅಲೆಗಳು ಸಮನಾಗಿ ಮರಳಿ, ಹನಿ ಗುಂಡಗಿದೆಯೆಂದೇ ರಾಡಾರ್ ನಂಬುತ್ತದೆ. ಆ ವ್ಯತ್ಯಾಸ ಡೆಸಿಬೆಲ್ಲಿನ ಹತ್ತನೇ ಒಂದೆರಡು ಪಾಲು ತಪ್ಪಿದರೂ ಮಳೆಯ ಲೆಕ್ಕ ಕೆಡುವ ಕೆಲಸವಿದು.

ಗಾಳಿಮಳೆಯಲ್ಲಿ ಓರೆಗೆರೆ ಕಂಡಾಗಲೆಲ್ಲ ಹನಿಯೂ ಓರೆಯಾಗಿದೆ ಎಂದುಕೊಂಡಿದ್ದೆ. ಹಾಗಲ್ಲವಂತೆ! ಹನಿ ಗಾಳಿಯ ಜೊತೆಗೇ ಸಾಗುತ್ತದೆ. ಅದಕ್ಕೆ ಗಾಳಿ ತಾಗುವುದು ಕೆಳಗಿನಿಂದ ಮಾತ್ರ. ಹಾದಿ ಓರೆ, ಮೈ ಮಟ್ಟಸ. ಎತ್ತರಕ್ಕೆ ತಕ್ಕಂತೆ ಗಾಳಿ ತಟ್ಟನೆ ಬದಲಾದಾಗ, ಸುಳಿಗೆ ಸಿಕ್ಕಾಗ, ಹೊಸ ಗಾಳಿಗೆ ಹೊಂದಿಕೊಳ್ಳುವವರೆಗೆ ಕೆಲವು ಡಿಗ್ರಿ ವಾಲುತ್ತದೆ, ಮತ್ತೆ ಮಟ್ಟಕ್ಕೆ ಬರುತ್ತದೆ. ನನಗೆ ಇದಕ್ಕಿಂತ ಚೆಂದದ ಸಂಗತಿ ಮಳೆಯ ಬಗ್ಗೆ ಗೊತ್ತಿಲ್ಲ.

ಈ ರಾಡಾರ್ ಸುಲಭಕ್ಕೆ ಬಂದದ್ದಲ್ಲ. ಸಿಯಾಟಲ್ ಸುತ್ತಿನ ಮಳೆ ನೋಡುವ ಕಮಾನೊ ದ್ವೀಪದ ರಾಡಾರಿಗೆ ಪಶ್ಚಿಮದಲ್ಲಿ ಒಲಿಂಪಿಕ್ ಬೆಟ್ಟಗಳು ಅಡ್ಡ. ಬಿರುಗಾಳಿ ಬರುವುದೇ ಆ ಕಡೆಯಿಂದ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಲಿಫ್ ಮಾಸ್ ವರ್ಷಗಟ್ಟಲೆ ಕರಾವಳಿಗೊಂದು ರಾಡಾರ್ ಬೇಕೆಂದು ಕೇಳಿದರು. 2007ರ ಡಿಸೆಂಬರಿನ ಬಿರುಗಾಳಿ ಕರಾವಳಿಯನ್ನು ಜಜ್ಜಿತು, ಚೆಹೇಲಿಸ್ ಬಳಿ ಹೆದ್ದಾರಿ ಮುಳುಗಿತು. ಸೆನೆಟರ್ ಮರಿಯಾ ಕ್ಯಾಂಟ್‌ವೆಲ್ ಹಣಕ್ಕಾಗಿ ಪಟ್ಟುಹಿಡಿದರು. ಲ್ಯಾಂಗ್ಲಿ ಹಿಲ್ ಕೆಲಸ ಆರಂಭಿಸಿದ್ದು 2011ರ ಸೆಪ್ಟೆಂಬರಿನಲ್ಲಿ, ಎರಡೂ ಅಲೆಗಳೊಂದಿಗೆ. 2015-16ರ ಚಳಿಗಾಲದಲ್ಲಿ ನಾಸಾ ತನ್ನ ಎನ್‌ಪೋಲ್ ರಾಡಾರನ್ನು ಕ್ವಿನಾಲ್ಟ್ ಜನರ ನಾಡಾದ ಟಹೋಲಾ ಬಳಿ ನಿಲ್ಲಿಸಿ, ಕಡಲ ಮಳೆ ಬೆಟ್ಟ ಹತ್ತುವುದನ್ನು ಅಳೆಯಿತು. ಚಳಿಗಾಲ ಮುಗಿದ ಮೇಲೆ ಅದನ್ನು ಬಿಚ್ಚಿ ಒಯ್ದರು.

ಸಹ್ಯಾದ್ರಿ ಕಂಡವರಿಗೆ ಈ ನಾಡು ಹೊಸದಲ್ಲ. ಕ್ವಿನಾಲ್ಟ್ ಕಣಿವೆ ಇಲ್ಲಿನ ಆಗುಂಬೆ. ಬೆಟ್ಟದಾಚೆ ಮಳೆನೆರಳಿನ ಸೀಕ್ವಿಮ್ ಇಲ್ಲಿನ ಚಳ್ಳಕೆರೆ. ಸಿಯಾಟಲ್‌ನಲ್ಲಿ ಹೆಚ್ಚಾಗಿ ಬೀಳುವುದು ಜಿಟಿಜಿಟಿ. ಆ ಹನಿ ಸಾಸಿವೆಗಿಂತ ಸಣ್ಣದು, ಪೂರಾ ಗುಂಡು, ವಾಲಿದರೂ ಯಾವ ಅಲೆಗೂ ತಿಳಿಯದು. ಮಲೆನಾಡಿನಿಂದ ಬಂದು ಇಲ್ಲಿ ನೆಲೆಸಿದವರು ಕಿಟಕಿಗೆ ಕಿವಿಗೊಟ್ಟು ಕಾಯುವುದು ಹೆಂಚಿನ ಮೇಲೆ ಟಪಟಪನೆ ಬೀಳುತ್ತಿದ್ದ ಆ ದಪ್ಪ ಹನಿಗಾಗಿ.