ಭಾವಚಿತ್ರದಲ್ಲಿ ಮೈಬಣ್ಣದ ಯಥಾರ್ಥತೆ

ಭಾವಚಿತ್ರದಲ್ಲಿ ಮೈಬಣ್ಣವು ಕೆಟ್ಟಾಗ ಛಾಯಾಗ್ರಾಹಕನನ್ನು ದೂರುವುದು ವಾಡಿಕೆ. ಉಪಕರಣಗಳಲ್ಲಿ ಅಡಗಿರುವ ಪೂರ್ವಕಲ್ಪನೆಯೂ ಇದಕ್ಕೆ ಕಾರಣವೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ. 1950ರ ದಶಕದಿಂದ ಮೊದಲುಗೊಂಡು, ಬಣ್ಣದ ಚಿತ್ರಗಳನ್ನು ಮುದ್ರಿಸುವ ಪ್ರಯೋಗಾಲಯಗಳಿಗೆ ಕೊಡಕ್ ಸಂಸ್ಥೆಯು ಒದಗಿಸುತ್ತಿದ್ದ ‘ಷರ್ಲಿ’ ಮಾದರಿ ಚಿತ್ರಗಳಲ್ಲಿ ಬಹುಕಾಲ ಬಿಳಿಯ ಸ್ತ್ರೀಯ ಮುಖವೇ ಮಾನದಂಡವಾಗಿದ್ದಿತು. ಆ ಮಾನದಂಡಕ್ಕೆ ಹೊಂದಿಸಿದ ಮುದ್ರಣದಲ್ಲಿ ಕಪ್ಪು ಮೈಬಣ್ಣದವರ ಮುಖದ ಸೂಕ್ಷ್ಮ ವಿವರಗಳು ಮರೆಯಾಗುತ್ತಿದ್ದುವು.

ಬೆಳಕುಮಾಪಕದಲ್ಲಿಯೂ ಇಂತಹದೇ ಒಂದು ಪೂರ್ವಕಲ್ಪನೆಯುಂಟು. ಸಾಮಾನ್ಯ ಮಾಪಕವು ಎದುರಿನ ದೃಶ್ಯವನ್ನು ಒಟ್ಟಾರೆ ನಡುಬೂದು ಎಂದೆಣಿಸುತ್ತದೆ. ಆದಕಾರಣ ಬಿಳಿಗೋಡೆಯ ಮುಂದೆ ಶ್ಯಾಮಲ ಮುಖವು ಇನ್ನಷ್ಟು ಕಪ್ಪಾಗುತ್ತದೆ. ಕರಿತೆರೆಯ ಮುಂದಾದರೋ ಬಿಳಿಚಿಕೊಳ್ಳುತ್ತದೆ. ಇದಕ್ಕೆ ಪರಿಹಾರವು ಸುಲಭ. ಬೆಳಕಿನ ಶೇಕಡ 18ರಷ್ಟನ್ನು ಪ್ರತಿಫಲಿಸುವ ಬೂದುಫಲಕವನ್ನು ಮುಖದ ಪಕ್ಕದಲ್ಲಿ, ಅದೇ ಬೆಳಕಿನಲ್ಲಿ ಹಿಡಿದು ಅಳತೆಮಾಡಬೇಕು. ಬಣ್ಣದ ಗೋಡೆಯ ಪ್ರತಿಫಲನವು ಮುಖದ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

ಗಣಕಯಂತ್ರದಲ್ಲಿ ಚಿತ್ರವನ್ನು ತಿದ್ದುವಾಗಲೂ ಮೊದಲು ಆ ಫಲಕದ ಬೂದು ಬಣ್ಣವನ್ನೇ ಸರಿಪಡಿಸತಕ್ಕದ್ದು. ಮೈಬಣ್ಣವು ಬಹುಮಟ್ಟಿಗೆ ತಾನಾಗಿಯೇ ನೆಲೆಗೆ ಬರುತ್ತದೆ. ಅನಂತರವೂ ಮುಖವನ್ನು ಬೆಳ್ಳಗೆ ಮಾಡಹೊರಡುವುದನ್ನು ನಾವು ಒಪ್ಪಲಾರೆವು. ಚಿತ್ರವನ್ನು ಮನೆಗೊಯ್ದವರು ಅದರಲ್ಲಿ ತಮ್ಮವರನ್ನೇ ಕಾಣಬೇಕಲ್ಲವೇ?