ಸೂರ್ಯ ತಿರುಗುವ ದಿನ ಯಾವುದು?



ಧನುರ್ಮಾಸ ಬಂತು. ಬೆಳಗಿನ ಜಾವಕ್ಕೆ ಗುಡಿಯ ಗಂಟೆ, ಹುಗ್ಗಿಯ ಪ್ರಸಾದ, ಕಣದಲ್ಲಿ ರಾಗಿ ಮೆದೆ, ಮನೆ ತುಂಬ ಅವರೆಕಾಯಿಯ ಸೊಗಡು. ಈ ತಿಂಗಳು ಮದುವೆ ಮುಂಜಿ ಇಲ್ಲ. ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. “ಉತ್ತರಾಯಣ ಬರಲಿ, ಆಮೇಲೆ ನೋಡೋಣ” ಅನ್ನುವುದು ರೂಢಿಯ ಮಾತು. ಮದುವೆಗೆ ಆ ಮಾತು ಸರಿಯೇ, ಒಂದು ತಿಂಗಳು ಕಾದರೆ ಗಂಟೇನೂ ಹೋಗುವುದಿಲ್ಲ. ಆದರೆ ಬಾವಿಯಲ್ಲಿ ನೀರಿದೆ, ಹೊಲ ಹಸನಾಗಿದೆ, ಬೇಸಿಗೆಯ ಕಡಲೆಕಾಯಿ ಬಿತ್ತಬೇಕು ಅಂತಿರುವ ರೈತನೂ ಇದೇ ಮಾತು ಹೇಳಿ ಕೂತರೆ? ಅದನ್ನೇ ಈಗ ಸ್ವಲ್ಪ ವಿಚಾರ ಮಾಡೋಣ.

ಉತ್ತರಾಯಣವೆಂದರೆ ಸೂರ್ಯ ದಕ್ಷಿಣದ ಕಡೆ ಹೋಗುವುದನ್ನು ನಿಲ್ಲಿಸಿ ಉತ್ತರಕ್ಕೆ ಹೊರಳುವುದು. ಹಾಗೆ ಹೊರಳುವುದು ಯಾವತ್ತು? ಸಂಕ್ರಾಂತಿಯ ದಿನ, ಜನವರಿ 14ಕ್ಕೋ 15ಕ್ಕೋ, ಅಂತೀರಿ. ಪಂಚಾಂಗದಲ್ಲೂ ಹಾಗೇ ಬರೆದಿರುತ್ತದೆ. ಆದರೆ ಆಕಾಶದಲ್ಲಿ ಸೂರ್ಯ ತಿರುಗುವುದು ಡಿಸೆಂಬರ್ 21 ಇಲ್ಲವೇ 22ಕ್ಕೆ. ಸಂಕ್ರಾಂತಿಯ ಹೊತ್ತಿಗೆ ಅವನು ತಿರುಗಿ ಮೂರು ವಾರದ ಮೇಲಾಗಿರುತ್ತದೆ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ನೋಡಬಹುದು. ಅಂಗಳದ ಸಮನೆಲದಲ್ಲಿ ನಾಲ್ಕು ಅಡಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ನಡುಹಗಲಲ್ಲಿ ನೆರಳು ತೀರ ಗಿಡ್ಡವಾದಾಗ ಅದರ ತುದಿಗೆ ಒಂದು ಗೂಟ ಹೊಡೆಯಿರಿ. ಬೆಂಗಳೂರಿನ ಸುತ್ತಮುತ್ತ ಡಿಸೆಂಬರ್ 22ರಂದು ಆ ನೆರಳು ಮೂರು ಅಡಿಗೆ ಅರ್ಧ ಅಂಗುಲ ಕಮ್ಮಿ ಇರುತ್ತದೆ. ವರ್ಷದಲ್ಲೆಲ್ಲ ನಡುಹಗಲ ನೆರಳು ಅತ್ಯಂತ ಉದ್ದವಾಗುವ ದಿನ ಅದು. ಬೀದರಿನ ಕಡೆ ಅದೇ ನೆರಳು ಮೂರೂವರೆ ಅಡಿಯಾಗುತ್ತದೆ. ಮಾರನೆಯ ದಿನದಿಂದ ನೆರಳು ಹಿಂದಕ್ಕೆ ಸರಿಯಲು ಹಿಡಿಯುತ್ತದೆ. ಮೊದಮೊದಲು ಕಣ್ಣಿಗೇ ಬೀಳದು. ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರಿನ ಕಡೆ ಎರಡೂಮುಕ್ಕಾಲು ಅಡಿಗೆ ಬಂದಿರುತ್ತದೆ.

ಇನ್ನೊಂದು ಸಾಕ್ಷಿ ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿದೆ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಗವಿಯೊಳಗೆ ಹೊಕ್ಕು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. ನವೆಂಬರ್ ಕೊನೆಯಲ್ಲೂ ಕಿರಣ ಹೀಗೆಯೇ ಒಳಗೆ ಬರುತ್ತದೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ ಅದೇ ಜಾಗ ಹಾಯುತ್ತಾನಷ್ಟೆ. ಆ ಎರಡು ದಿನಗಳ ನಡುಮಧ್ಯ ಎಣಿಸಿ ನೋಡಿ, ಡಿಸೆಂಬರ್ 21ರ ಸುಮಾರಿಗೆ ಬರುತ್ತದೆ.

ಹಾಗಾದರೆ ಪಂಚಾಂಗದವರು ತಪ್ಪಿದರೇ? ಹಾಗೆ ಅನ್ನುವುದು ಸರಿಯಲ್ಲ. ಪಂಚಾಂಗ ಲೆಕ್ಕ ಹಾಕುವುದು ನಕ್ಷತ್ರಗಳಿಂದ. ಸೂರ್ಯ ನಕ್ಷತ್ರಮಂಡಲದ ಮಕರರಾಶಿಯನ್ನು ಹೊಕ್ಕ ಗಳಿಗೆಯೇ ಮಕರ ಸಂಕ್ರಮಣ. ಅದು ಕರಾರುವಾಕ್ಕಾದ ಲೆಕ್ಕವೇ. ಆದರೆ ನಮ್ಮ ಭೂಮಿ ವೇಗ ಕುಂದಿದ ಬುಗುರಿಯ ಹಾಗೆ ಮೆಲ್ಲಗೆ ತಲೆದೂಗುತ್ತಾ ತಿರುಗುತ್ತಿದೆ. ಒಂದು ತಲೆದೂಗಿಗೆ ಸುಮಾರು 26,000 ವರ್ಷ ಬೇಕು. ಇದರಿಂದ ಋತುಗಳ ವರ್ಷ ನಕ್ಷತ್ರಗಳ ವರ್ಷಕ್ಕಿಂತ 20 ನಿಮಿಷ ಚಿಕ್ಕದು. ಇಪ್ಪತ್ತು ನಿಮಿಷ ಏನು ಮಹಾ, ಅನ್ನಬೇಡಿ. 72 ವರ್ಷಕ್ಕೆ ಒಂದು ದಿನವಾಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ಆ ದಿನ 1863ರ ಜನವರಿ 12 ಆಗಿತ್ತು. ಹಬ್ಬ ಆಗಿನಿಂದ ಎರಡು ದಿನ ಮುಂದಕ್ಕೆ ಸರಿದಿದೆ.

ಭಾರತ ಸರ್ಕಾರದ ಪರವಾಗಿ 1952ರಲ್ಲಿ ಡಾಕ್ಟರ್ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯೊಂದು ಕೂತಿತು. ಅದರ ಲೆಕ್ಕದಂತೆ ಋತುವಿನ ಗಣನೆಯೂ ನಕ್ಷತ್ರದ ಗಣನೆಯೂ ಕೂಡಿದ್ದದ್ದು ಕ್ರಿ.ಶ. 285ರಲ್ಲಿ. ಆ ಕಾಲದಲ್ಲಿ ಮಕರ ಸಂಕ್ರಮಣವೂ ಸೂರ್ಯನ ತಿರುವೂ ಒಂದೇ ಆಗಿದ್ದವು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸದ ಮೊದಲನೆಯ ದಿನ ಡಿಸೆಂಬರ್ 22. ಸೂರ್ಯ ತಿರುಗುವುದಕ್ಕೆ ಹೊಂದಿಸಿಯೇ ಹಾಗೆ ಇಟ್ಟದ್ದು.

ಇದು ಈಗಿನವರು ಕಂಡುಹಿಡಿದ ಹೊಸ ಮಾತೆಂದು ತಿಳಿಯಬೇಡಿ. ಜ್ಯೋತಿಷ್ಯಕ್ಕೆ ಹಿರಿಯನಾದ ವರಾಹಮಿಹಿರ ಆರನೆಯ ಶತಮಾನದಲ್ಲಿ ಬೃಹತ್ಸಂಹಿತೆಯಲ್ಲಿ ಈ ವಿಷಯ ಎತ್ತಿದ್ದಾನೆ. ಹಿಂದಿನ ಶಾಸ್ತ್ರಗಳಲ್ಲಿ ಉತ್ತರಾಯಣ ಧನಿಷ್ಠೆಯ ಆದಿಯಲ್ಲಿ ಎಂದಿದೆ, ಈಗ ಮಕರದ ಆದಿಯಲ್ಲಿ ಆಗುತ್ತಿದೆ ಎಂದು ಹೇಳಿ, ವ್ಯತ್ಯಾಸ ಕಂಡರೆ ಪ್ರತ್ಯಕ್ಷವಾಗಿ ಪರೀಕ್ಷಿಸಿಕೊಳ್ಳಿ ಅನ್ನುತ್ತಾನೆ. ಪರೀಕ್ಷೆಯ ವಿಧಾನವೂ ಏನು? ದೂರದ ಗುರುತೊಂದನ್ನು ಇಟ್ಟುಕೊಂಡು ಹುಟ್ಟುವ ಮುಳುಗುವ ಸೂರ್ಯನನ್ನು ನೋಡುವುದು, ಇಲ್ಲವೇ ನೆರಳು ಅಳೆಯುವುದು. ನಿಮ್ಮ ಅಂಗಳದ ಕೋಲೇ ಅದು! ಅವನ ಕಾಲಕ್ಕೆ ಉತ್ತರಾಷಾಢದಲ್ಲಿದ್ದ ತಿರುವು ಈಗ ಪೂರ್ವಾಷಾಢವನ್ನೂ ದಾಟಿ ಮೂಲಾ ನಕ್ಷತ್ರಕ್ಕೆ ಬಂದಿದೆ. ಈಗ ಡಿಸೆಂಬರ್ 22ರಂದು ಸೂರ್ಯ ಇರುವುದು ಮೂಲಾದಲ್ಲಿ, ಧನುರ್ಮಾಸ ಶುರುವಾಗಿ ಒಂದು ವಾರ ಕಳೆದಿರುವುದಿಲ್ಲ.

ನಮ್ಮ ರೋಹಿಣಿ, ಆರಿದ್ರೆ, ಪುಷ್ಯ ಮಳೆಗಳೂ ಇದೇ ನಕ್ಷತ್ರದ ಲೆಕ್ಕದವು. ಅವೂ ಸರಿಯುತ್ತಿವೆ, ಸಾವಿರ ವರ್ಷಕ್ಕೆ ಒಂದು ಮಳೆಯಷ್ಟು. ತಾತ ಮುತ್ತಾತ ಹೇಳಿದ ಮಳೆಗಾದೆಗಳು ಇದರಿಂದ ಕೆಡಲಿಲ್ಲ. ಒಬ್ಬನ ಆಯುಷ್ಯದಲ್ಲಿ ಒಂದು ದಿನ ಅತ್ತಿತ್ತ, ಅಷ್ಟೆ.

ಇನ್ನು ಹೊಲಕ್ಕೆ ಬರೋಣ. ಗಿಡಗಳಿಗೆ ರಾಶಿ ತಿಳಿಯದು, ಹಗಲು ರಾತ್ರಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ದೊಡ್ಡ ಹಗಲು 12 ಗಂಟೆ 54 ನಿಮಿಷದ ಸುಮಾರು; ಡಿಸೆಂಬರಿನ ಸಣ್ಣ ಹಗಲು 11 ಗಂಟೆ 22 ನಿಮಿಷದ ಸುಮಾರು. ವ್ಯತ್ಯಾಸ ಒಂದೂವರೆ ಗಂಟೆ. ಹಳೆಯ ನಾಟಿ ಅವರೆಗೆ ಇದೇ ಪಂಚಾಂಗ. ರಾಗಿಯ ಜೊತೆ ಅಕ್ಕಡಿಯಲ್ಲಿ ಬಿತ್ತಿದ ಅವರೆ ಮಳೆಗಾಲವೆಲ್ಲ ಬರೀ ಬಳ್ಳಿ ಹಬ್ಬಿಸುತ್ತದೆ. ಹಗಲು ಮೊಟಕಾಗಿ ರಾತ್ರಿ ಉದ್ದವಾದ ಮೇಲೆಯೇ ಹೂ ಬಿಡುವುದು. ಅವರೆಕಾಯಿ ಧನುರ್ಮಾಸಕ್ಕೆ ಸರಿಯಾಗಿ ಬರುವ ಗುಟ್ಟು ಇದು. ಈ ಕಟ್ಟನ್ನು ಬಿಡಿಸಿ, ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದರು. ಸೊಗಡು ಮಾತ್ರ ನಾಟಿ ಅವರೆಯದೇ ಹೆಚ್ಚು ಅನ್ನುವವರಿದ್ದಾರೆ; ಅವರ ಜೊತೆ ನಾನು ಜಗಳಕ್ಕೆ ನಿಲ್ಲೆ.

ಕಡಲೆಕಾಯಿಯ ಮಾತು ಹೀಗೆ. ಬೇಸಿಗೆ ಬೆಳೆಗೆ 110ರಿಂದ 120 ದಿನ. ಡಿಸೆಂಬರ್ 22ರ ಹೊತ್ತಿಗೆ ಬಿತ್ತಿದರೆ ಏಪ್ರಿಲ್ ಮೂರನೆಯ ವಾರಕ್ಕೆ ಕೀಳಬಹುದು. ಹಬ್ಬ ಕಳೆದು ಬಿತ್ತಿದರೆ ಮೇ ತಿಂಗಳ ಎರಡನೆಯ ವಾರಕ್ಕೆ ಹೋಗುತ್ತದೆ. ಮೇ ಅಂದರೆ ಗುಡುಗು ಮಳೆಯ ಕಾಲ. ನಾವು ಹೆಚ್ಚಾಗಿ ಬೆಳೆಯುವ ಟಿ.ಎಂ.ವಿ.-2ರಂಥ ಗೊಂಚಲು ಜಾತಿಯ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಕಾಯಿ ನೆಲದಲ್ಲಿರುವಾಗ ಒಂದು ಹದ ಮಳೆ ಬಿತ್ತೋ, ಅಲ್ಲೇ ಮೊಳಕೆ ಒಡೆದುಬಿಡುತ್ತದೆ. ಕಿತ್ತು ಒಣಹಾಕಿದ್ದು ನೆನೆದರೆ ಬೂಷ್ಟು ಹಿಡಿಯುತ್ತದೆ. ನಾಲ್ಕು ತಿಂಗಳ ನೀರು, ಗೊಬ್ಬರ, ಆಳಿನ ಖರ್ಚು ಕೊನೆಯ ನಾಲ್ಕು ದಿನದಲ್ಲಿ ಹೋಗುವುದೆಂದರೆ ಹೀಗೆ. ಬಾವಿಯ ನೀರೂ ಮೇ ತಿಂಗಳವರೆಗೆ ಕೈಹಿಡಿಯುತ್ತದೆಂಬ ಭರವಸೆ ಎಲ್ಲರಿಗೂ ಇಲ್ಲ.

ಹಾಗೆಂದು ಡಿಸೆಂಬರ್ 22 ಬಂತು ಅಂತ ಎಲ್ಲರೂ ಕೂರಿಗೆ ಕಟ್ಟಬೇಕಿಲ್ಲ. ಸೂರ್ಯ ತಿರುಗಿದ ದಿನವೇ ಚಳಿ ತಿರುಗುವುದಿಲ್ಲ. ನೆಲ ಕಾವು ಕಳೆದುಕೊಳ್ಳುವುದೂ ನಿಧಾನ, ಪಡೆಯುವುದೂ ನಿಧಾನ. ಬೀದರ್, ಬೆಳಗಾವಿ ಕಡೆ ಕೊರೆಯುವ ರಾತ್ರಿಗಳಿದ್ದರೆ ಬೀಜ ಮೊಳೆಯಲು ತಡಮಾಡುತ್ತದೆ, ಕೆಲವು ಕೊಳೆತೂ ಹೋಗುತ್ತವೆ. ಅಂಥ ಕಡೆ ಚಳಿ ಮುರಿಯುವವರೆಗೆ ಕಾಯುವುದು ಜಾಣತನ. ಕಾಯುವುದು ಮಣ್ಣಿನ ತಂಪು ನೋಡಿ ಇರಲಿ, ಮಾಸದ ಹೆಸರು ನೋಡಿ ಬೇಡ. ಹಬ್ಬವನ್ನು ಹಬ್ಬದ ದಿನವೇ ಮಾಡಿ. ಎಳ್ಳು ಬೆಲ್ಲ ಬೀರಿ, ದನಗಳನ್ನು ಕಿಚ್ಚು ಹಾಯಿಸಿ. ಅದಕ್ಕೂ ಬಿತ್ತನೆಗೂ ವಿರೋಧವೇನೂ ಇಲ್ಲ.

ಕಡೆಗೆ ಒಂದು ಅನುಮಾನ ಉಳಿದೀತು. “ಡಿಸೆಂಬರಿನಲ್ಲೇ ಹಗಲು ಬೆಳೆಯುವುದಾದರೆ ಜನವರಿಯಲ್ಲೂ ಬೆಳಗಾಗುವುದು ತಡವೇ ಆಗುತ್ತದಲ್ಲ?” ಅಂತ ಕೇಳಬಹುದು. ನೀವು ಕಂಡದ್ದು ನಿಜ. ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಮೂರನೆಯ ವಾರದ ಸುಮಾರಿಗೆ, ಅತಿ ತಡವಾಗಿ ಹುಟ್ಟುವುದು ಜನವರಿ ಮೂರು-ನಾಲ್ಕನೆಯ ವಾರದಲ್ಲಿ. ಈ ದಿನಗಳಲ್ಲಿ ಗಡಿಯಾರದ ಮೇಲೆ ನಡುಹಗಲೇ ದಿನಕ್ಕೆ ಒಂದಿಷ್ಟು ಮುಂದಕ್ಕೆ ಸರಿಯುತ್ತಿರುತ್ತದೆ. ಹಾಗಾಗಿ ಹಗಲು ಬೆಳೆದದ್ದು ಮೊದಲು ಕಾಣಿಸುವುದು ಸಂಜೆಯ ಕಡೆ. ಕೋಲಿನ ನೆರಳು ಅಳೆಯುವವರು ಇದನ್ನು ಮರೆಯಬಾರದು. ಗಡಿಯಾರದಲ್ಲಿ ಹನ್ನೆರಡಾಯಿತೆಂದು ಗೂಟ ಹೊಡೆಯದೆ, ಹನ್ನೆರಡೂಕಾಲಿಗೆ ಮುಂಚೆಯೇ ಹೋಗಿ ನಿಂತು, ನೆರಳು ಇನ್ನು ಗಿಡ್ಡವಾಗುವುದಿಲ್ಲ ಎಂದಾಗ ಗುರುತು ಮಾಡಿ.